ಮಕ್ಕಳ ಜೊತೆ ಅಂಜನಾಪುರಕ್ಕೆ ಸೈಕಲ್: ಬೇಸಿಗೆ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಏಪ್ರಿಲ್ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಿಗೆ ಎರಡು ಬಗೆಯ ಮೆಸೇಜ್ ಬಂದು ಬೀಳುತ್ತವೆ. ಮೊದಲನೆಯದು: "ಮಕ್ಕಳಿಗೆ ರಜೆ. ಕೈಯಿಂದ ಮೊಬೈಲ್ ಬಿಡಿಸಿ, ಹೊರಗೆ ಕರೆದುಕೊಂಡು ಹೋಗಿ." ಎರಡನೆಯದು: "ಮುಂದಿನ ಐದು ದಿನ ಮಧ್ಯಾಹ್ನ ಯಾರೂ ಹೊರಗೆ ಕಾಲಿಡಬೇಡಿ, ತಣ್ಣೀರು ಕುಡಿಯಬೇಡಿ, ರಕ್ತನಾಳ ಒಡೆಯುತ್ತದೆ." ಎಷ್ಟೋ ಸಲ ಎರಡನ್ನೂ ಕಳಿಸಿರುವುದು ಒಬ್ಬರೇ ಚಿಕ್ಕಪ್ಪ!

ಎರಡನ್ನೂ ಓದಿದ ಮೇಲೆ ಮನೆಯವರು ಏನು ಮಾಡಬೇಕು? ಒಂದು ನಿಜವಾದ ಪ್ರವಾಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ಶಿಕಾರಿಪುರದ ಹತ್ತಿರ ಕುಮುದ್ವತಿ ನದಿಗೆ ಕಟ್ಟಿರುವ ಅಂಜನಾಪುರ ಜಲಾಶಯ ಸುತ್ತಲಿನ ಊರಿನವರಿಗೆ ಗೊತ್ತಿರುವ ಜಾಗ. ಅಪ್ಪ ಒಂದು ಸೈಕಲ್, ಹೈಸ್ಕೂಲ್ ಓದುವ ಮಗಳು ಇನ್ನೊಂದು ಸೈಕಲ್, ಹಿಂದಿನ ಕ್ಯಾರಿಯರ್ ಮೇಲೆ ನಾಲ್ಕೈದು ವರ್ಷದ ತಮ್ಮ, ಚೀಲದಲ್ಲಿ ಮಂಡಕ್ಕಿ, ಮಜ್ಜಿಗೆ. ಖರ್ಚಿಲ್ಲದ ಪ್ರವಾಸ. ಸೈಕಲ್‌ಗಳಿಗೂ ಈ ಕಡೆ ಕೊರತೆಯಿಲ್ಲ. 8ನೇ ತರಗತಿ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಆಗ ಹಣಕಾಸು ಖಾತೆ ಹೊಂದಿದ್ದ ಬಿ.ಎಸ್. ಯಡಿಯೂರಪ್ಪ ಇದೇ ಶಿಕಾರಿಪುರದ ಶಾಸಕರಾಗಿದ್ದರು. ಆ ಸೈಕಲ್‌ಗಳಲ್ಲಿ ಎಷ್ಟೋ ಈಗಲೂ ಮನೆಗಳ ಜಗಲಿಯಲ್ಲಿ ಒರಗಿ ನಿಂತಿವೆ.

ಬೇಸಿಗೆಯಲ್ಲಿ ಚಿಕ್ಕ ಮಕ್ಕಳನ್ನು ಸೈಕಲ್ ಮೇಲೆ ಕರೆದುಕೊಂಡು ಹೋಗುವುದು ತಪ್ಪಲ್ಲ. ಆದರೆ ಫಾರ್ವರ್ಡ್‌ಗಳು ಹೆದರಿಸುವ ವಿಷಯಗಳೇ ಬೇರೆ, ನಿಜಕ್ಕೂ ಹೆದರಬೇಕಾದ ವಿಷಯಗಳೇ ಬೇರೆ.

"ಈಕ್ವಿನಾಕ್ಸ್ ಬಿಸಿಲು" ಅಂದರೇನು?

"ಸೂರ್ಯ ಭೂಮಧ್ಯರೇಖೆಯ ನೇರ ಮೇಲೆ ಬರುವುದರಿಂದ ಮುಂದಿನ ಐದು ದಿನ ಉಷ್ಣಾಂಶ 40 ಡಿಗ್ರಿ ಆಗಲಿದೆ" ಎನ್ನುವ ಮೆಸೇಜ್ ಹಲವು ವರ್ಷಗಳಿಂದ ದೇಶದಿಂದ ದೇಶಕ್ಕೆ ಓಡಾಡುತ್ತಿದೆ. ಇದರಲ್ಲಿ ಅರ್ಧ ಖಗೋಳವಿದೆ, ಅರ್ಧ ಕಥೆಯಿದೆ. ಸೂರ್ಯ ಭೂಮಧ್ಯರೇಖೆಯ ನೇರ ಮೇಲೆ ಬರುವುದು ಮಾರ್ಚ್ 20-21ರ ಸುಮಾರಿಗೆ ಮತ್ತು ಸೆಪ್ಟೆಂಬರ್ 22-23ರ ಸುಮಾರಿಗೆ. ಅದು ಪ್ರತಿವರ್ಷ ತಪ್ಪದೆ ನಡೆಯುವ ಸಂಗತಿ. ಅದರಿಂದಲೇ ಐದು ದಿನದ ಬಿಸಿಗಾಳಿ ಹುಟ್ಟುವುದಾದರೆ ಸೆಪ್ಟೆಂಬರ್‌ನಲ್ಲೂ ನಾವು ಬೇಯಬೇಕಿತ್ತು.

ನಮ್ಮೂರಿನ ಲೆಕ್ಕವೇ ಬೇರೆ. ಶಿಕಾರಿಪುರ ಇರುವುದು ಭೂಮಧ್ಯರೇಖೆಯಿಂದ ಸುಮಾರು 14 ಕಾಲು ಡಿಗ್ರಿ ಉತ್ತರಕ್ಕೆ. ಉತ್ತರಕ್ಕೆ ಸರಿಯುತ್ತಾ ಬರುವ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆಯಲ್ಲಿ, 28-29ರ ಸುಮಾರಿಗೆ. ಆ ದಿನ ಮಧ್ಯಾಹ್ನ 12:25ರ ಆಸುಪಾಸಿನಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಅದಕ್ಕೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ. ಮಕ್ಕಳಿಗೆ ಅಂಗಳದಲ್ಲೇ ತೋರಿಸಬಹುದು, ಇದಕ್ಕಾಗಿ ಎಲ್ಲಿಗೂ ಹೋಗಬೇಕಿಲ್ಲ.

ಇದರಲ್ಲಿ ಸೈಕಲ್ ಪ್ರವಾಸಕ್ಕೆ ಬೇಕಾದ ಒಂದು ಪಾಠವಿದೆ. ಚರ್ಮ ಸುಡುವ ಅತಿನೇರಳೆ ಕಿರಣ ಅತಿ ಹೆಚ್ಚು ಇರುವುದು ಸೂರ್ಯ ನೆತ್ತಿಗೆ ಬಂದಾಗ, ಅಂದರೆ ಹನ್ನೆರಡೂವರೆಗೆ. ಆದರೆ ಗಾಳಿ ಅತಿ ಹೆಚ್ಚು ಕಾಯುವುದು ಅದಾದ ಎರಡು ಮೂರು ಗಂಟೆಯ ನಂತರ. ಒಲೆಯ ಉರಿ ಕಡಿಮೆ ಮಾಡಿದ ಮೇಲೂ ಪಾತ್ರೆ ಕಾಯುತ್ತಲೇ ಇರುವ ಹಾಗೆ, ಸೂರ್ಯ ಇಳಿಯತೊಡಗಿದ ಮೇಲೂ ನೆಲ ಗಾಳಿಯನ್ನು ಕಾಯಿಸುತ್ತಲೇ ಇರುತ್ತದೆ. ಆದ್ದರಿಂದ "ಮೂರು ಗಂಟೆಯಾಯಿತು, ಇನ್ನು ಹೊರಡೋಣ" ಎನ್ನುವುದು ಕೆಟ್ಟ ಲೆಕ್ಕ. ಬೆಳಿಗ್ಗೆ ಆರೂವರೆಗೆ ಹೊರಟು ಹತ್ತರ ಒಳಗೆ ಮನೆ ಸೇರುವುದು ಒಳ್ಳೆಯ ಲೆಕ್ಕ. ಸಂಜೆ ಯಾಕೆ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ಮುಂದೆ ಹೇಳುತ್ತೇವೆ.

ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆಯೇ?

ಈ ಮೆಸೇಜ್ ನೀವು ಓದಿಯೇ ಇರುತ್ತೀರಿ. "ಒಬ್ಬ ಡಾಕ್ಟರ ಗೆಳೆಯ ಬಿಸಿಲಿನಿಂದ ಬಂದು ತಣ್ಣೀರಿನಲ್ಲಿ ಕಾಲು ತೊಳೆದ, ಕುಸಿದು ಬಿದ್ದ" ಎಂದು ಅದು ಶುರುವಾಗುತ್ತದೆ. ಡಾಕ್ಟರ ಹೆಸರಿಲ್ಲ, ಊರಿಲ್ಲ, ಆಸ್ಪತ್ರೆಯಿಲ್ಲ. ಉಷ್ಣಾಂಶ 38 ಡಿಗ್ರಿ ಮುಟ್ಟಿದಾಗ ತಣ್ಣೀರು ಕುಡಿದರೆ ಸಣ್ಣ ರಕ್ತನಾಳಗಳು ಒಡೆಯುತ್ತವಂತೆ.

ಒಡೆಯುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಒಂದು ಲೋಟ ನೀರು, ಅಂದರೆ 250 ಮಿಲಿಲೀಟರ್, 5 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಅದು ದೇಹದ 37 ಡಿಗ್ರಿಗೆ ಬರಲು ಸುಮಾರು 8 ಕಿಲೋಕ್ಯಾಲೊರಿ ಶಾಖ ಬೇಕು. 60 ಕಿಲೋ ತೂಕದ ವ್ಯಕ್ತಿಯ ಇಡೀ ದೇಹದಿಂದ ಅಷ್ಟು ಶಾಖ ತೆಗೆದರೆ ಉಷ್ಣಾಂಶ ಇಳಿಯುವುದು ಒಂದು ಡಿಗ್ರಿಯ ಐದನೇ ಒಂದು ಭಾಗಕ್ಕಿಂತ ಕಡಿಮೆ. ನೀರು ಗಂಟಲಿನಿಂದ ಹೊಟ್ಟೆಗೆ ಇಳಿಯುವಾಗಲೇ ಬೆಚ್ಚಗಾಗಲು ಶುರುವಾಗಿರುತ್ತದೆ. ಒಡೆಯುವಂಥದ್ದು ಅಲ್ಲಿ ಏನೂ ನಡೆಯುವುದಿಲ್ಲ. ಗಟಗಟ ಕುಡಿದರೆ ಹಣೆ ಒಂದು ಕ್ಷಣ ಚುಳ್ಳೆನ್ನಬಹುದು, ಐಸ್‌ಕ್ಯಾಂಡಿ ಕಚ್ಚಿದಾಗ ಆಗುವ ಹಾಗೆ. ಅಷ್ಟೇ.

ಹಾಗಾದರೆ ಕುಸಿದು ಬಿದ್ದವನ ಕಥೆ ನಂಬುವಂತೆ ಕೇಳಿಸುವುದೇಕೆ? ಬಿಸಿಲಿನಲ್ಲಿ ದುಡಿದು ಬಂದು ಥಟ್ಟನೆ ನಿಂತವರು ತಲೆಸುತ್ತಿ ಬೀಳುವುದು ನಿಜ. ಪೆಡಲ್ ತುಳಿಯುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಬಿಸಿಲಿಗೆ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ, ಮೈಯಲ್ಲಿ ನೀರೂ ಕಡಿಮೆಯಾಗಿರುತ್ತದೆ. ಥಟ್ಟನೆ ನಿಂತಾಗ ರಕ್ತ ಕಾಲಲ್ಲೇ ಉಳಿದು ಮಿದುಳಿಗೆ ಹೋಗುವುದು ಕಡಿಮೆಯಾಗುತ್ತದೆ. ಬೀಳುವುದು ಅದಕ್ಕೆ. ಆಗ ಕಾಲ ಮೇಲೆ ತಣ್ಣೀರು ಬಿದ್ದಿದ್ದರೆ ತಪ್ಪು ನೀರಿನ ತಲೆಗೆ ಬರುತ್ತದೆ. ಮಲಗಿಸಿ, ಕಾಲು ಸ್ವಲ್ಪ ಎತ್ತರದಲ್ಲಿಟ್ಟು, ಎಚ್ಚರವಾದ ಮೇಲೆ ನೀರು ಕುಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತಾರೆ.

ಈ ಫಾರ್ವರ್ಡ್ ಬರೀ ಸುಳ್ಳಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಇದು ಜೀವ ತೆಗೆಯಬಲ್ಲ ಸುಳ್ಳು. ಏಕೆಂದರೆ ಬಿಸಿಲಾಘಾತಕ್ಕೆ ಮೊದಲ ಚಿಕಿತ್ಸೆಯೇ ತಣ್ಣೀರು. ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿ ಮಿದುಳಿನ ಕೆಲಸ ತಪ್ಪತೊಡಗಿದಾಗ ಅದನ್ನು ಬಿಸಿಲಾಘಾತ ಎನ್ನುತ್ತಾರೆ. ಮಗು ಅರ್ಥವಿಲ್ಲದೆ ಮಾತಾಡುವುದು, ಕರೆದರೆ ಸರಿಯಾಗಿ ಓಗೊಡದಿರುವುದು, ತೂರಾಡುವುದು, ಫಿಟ್ಸ್ ಬರುವುದು ಅದರ ಲಕ್ಷಣಗಳು. ಆಗ 108ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸುತ್ತಲೇ ಇರಬೇಕು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. "ತಣ್ಣೀರು ಹಾಕಬೇಡಿ, ಒಂದು ಗಂಟೆ ಕಾಯಿರಿ" ಎಂಬ ಫಾರ್ವರ್ಡ್ ಓದಿದವರು ಆ ಗಂಟೆಯನ್ನೇ ಕಳೆದುಕೊಳ್ಳುತ್ತಾರೆ.

ಇದರ ಜೊತೆಗೆ ಇನ್ನೆರಡು ತಪ್ಪು ನಂಬಿಕೆಗಳಿವೆ. "ಬೆವರು ಬರುತ್ತಿದೆಯಲ್ಲ, ಬಿಸಿಲಾಘಾತ ಅಲ್ಲ" ಎನ್ನುತ್ತಾರೆ. ಓಡಾಡಿ ಆಡಿದವರಲ್ಲಿ ಬೆವರು ಸುರಿಯುತ್ತಿರುವಾಗಲೂ ಬಿಸಿಲಾಘಾತ ಆಗಬಹುದು. ನೋಡಬೇಕಾದದ್ದು ಬೆವರನ್ನಲ್ಲ, ಮಗುವಿನ ಎಚ್ಚರವನ್ನು. ಇನ್ನೊಂದು, ಜ್ವರದ ಸಿರಪ್ ಕುಡಿಸುವುದು. ಜ್ವರದಲ್ಲಿ ಮಿದುಳೇ ದೇಹದ ಉಷ್ಣಾಂಶವನ್ನು ಏರಿಸಿರುತ್ತದೆ, ಪ್ಯಾರಾಸಿಟಮಾಲ್ ಅದನ್ನು ಇಳಿಸುತ್ತದೆ. ಬಿಸಿಲಾಘಾತದಲ್ಲಿ ಶಾಖ ಬಂದಿರುವುದು ಹೊರಗಿನಿಂದ ಮತ್ತು ಸ್ನಾಯುಗಳಿಂದ. ಅಲ್ಲಿ ಆ ಔಷಧಕ್ಕೆ ಕೆಲಸವೇ ಇಲ್ಲ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಏನನ್ನೂ, ನೀರನ್ನೂ, ಹಾಕಬಾರದು.

ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಾಗುವುದಿಲ್ಲವಂತೆ. ಈರುಳ್ಳಿಯನ್ನು ಮಂಡಕ್ಕಿಗೆ ಹಾಕಿ.

ಹಿಂದೆ ಕೂತ ಮಗುವಿಗೆ ಗಾಳಿಯೇ ಬೀಸುವುದಿಲ್ಲ

"ಮಕ್ಕಳಿಗೆ ಬಿಸಿಲು ತಡೆಯುವ ಶಕ್ತಿಯೇ ಇಲ್ಲ" ಎನ್ನುವುದೂ ಅತಿರೇಕವೇ. ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲಿ ಈ ವಿಷಯದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಸಾಕಷ್ಟು ನೀರು ಕುಡಿದು ಆಡುವ ಮಕ್ಕಳು ಬಿಸಿಲನ್ನು ದೊಡ್ಡವರಷ್ಟೇ ಚೆನ್ನಾಗಿ ನಿಭಾಯಿಸುತ್ತಾರೆ ಎಂದು ತನ್ನ ಹಳೆಯ ನಿಲುವನ್ನು ಬದಲಿಸಿತು. ಆದರೆ ಅಲ್ಲಿನ ಮಾತು ಓಡಾಡಿ ಆಡುವ ಮಕ್ಕಳದ್ದು. ಕ್ಯಾರಿಯರ್ ಮೇಲೆ ಕೂತ ನಾಲ್ಕೈದು ವರ್ಷದವನ ಸ್ಥಿತಿ ಸ್ವಲ್ಪ ಬೇರೆ.

18 ಕಿಲೋ ತೂಕದ ಮಗುವಿನ ಚರ್ಮದ ವಿಸ್ತೀರ್ಣ ಸುಮಾರು ಮುಕ್ಕಾಲು ಚದರ ಮೀಟರ್. 65 ಕಿಲೋದ ಅಪ್ಪನದ್ದು ಸುಮಾರು ಒಂದು ಮುಕ್ಕಾಲು. ಕಿಲೋ ಲೆಕ್ಕದಲ್ಲಿ ಭಾಗಿಸಿ ನೋಡಿದರೆ ಮಗುವಿಗೆ ಅಪ್ಪನಿಗಿಂತ ಒಂದೂವರೆ ಪಟ್ಟು ಚರ್ಮವಿದೆ. ಸಣ್ಣ ಲೋಟದ ಕಾಫಿ ಬೇಗ ಆರುತ್ತದೆ, ದೊಡ್ಡ ಪಾತ್ರೆಯದ್ದು ನಿಧಾನ. ಹಾಗೆಯೇ ಗಾಳಿ ತಂಪಾಗಿದ್ದರೆ ಮಗು ಬೇಗ ತಂಪಾಗುತ್ತದೆ. ಗಾಳಿ ಚರ್ಮಕ್ಕಿಂತ ಬಿಸಿಯಾದಾಗ, ಅಂದರೆ ಸುಮಾರು 35 ಡಿಗ್ರಿ ದಾಟಿದಾಗ, ಅದೇ ಚರ್ಮದ ಮೂಲಕ ಮಗು ಬೇಗ ಕಾಯುತ್ತದೆ. ಮಗುವಿನ ಮೈಯಲ್ಲಿರುವ ನೀರಿನ ದಾಸ್ತಾನೂ ಚಿಕ್ಕದು. ತೂಕದ ನೂರಕ್ಕೆ ಎರಡರಷ್ಟು ನೀರು ಹೋದರೆ ಸುಸ್ತು ಶುರುವಾಗುತ್ತದೆ. 18 ಕಿಲೋ ಮಗುವಿಗೆ ಅದು 360 ಮಿಲಿಲೀಟರ್, ಒಂದೂವರೆ ಲೋಟ ಮಾತ್ರ.

ಇದಕ್ಕಿಂತ ಮುಖ್ಯವಾದದ್ದು ಕೂತ ಜಾಗ. ಪೆಡಲ್ ತುಳಿಯುವ ಅಪ್ಪನ ಎದೆಗೆ, ಮುಖಕ್ಕೆ ಗಾಳಿ ಬೀಸುತ್ತಿರುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊತ್ತು ಹೋಗುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಿರುವುದೂ ಇದೇ ಲೆಕ್ಕದಲ್ಲಿ. ಹಾಗಾಗಿ ಸೈಕಲ್ ಓಡುತ್ತಿರುವಷ್ಟು ಹೊತ್ತು ಅಪ್ಪನಿಗೆ ಹಾಯೆನಿಸುತ್ತದೆ. ನಿಲ್ಲಿಸಿದ ಕೂಡಲೇ ಬೆವರು ಧಾರಾಕಾರ ಇಳಿಯುವುದು ಗಮನಿಸಿದ್ದೀರಲ್ಲ? ಬೆವರು ಮೊದಲೂ ಬರುತ್ತಿತ್ತು, ಗಾಳಿಗೆ ಆರಿ ಹೋಗುತ್ತಿತ್ತು. ಹಿಂದೆ ಕೂತ ಮಗುವಿಗೆ ಅಪ್ಪನ ಬೆನ್ನೇ ಗೋಡೆ. ಗಾಳಿ ಸಿಗುವುದಿಲ್ಲ. ಅಪ್ಪನ ಮೈ ಹೇಳುವ ಹವಾಮಾನ ಒಂದು, ಮಗು ಅನುಭವಿಸುವುದು ಇನ್ನೊಂದು. ಅದಕ್ಕೇ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನೆರಳಲ್ಲಿ ನಿಲ್ಲಿಸಿ, ಮಗುವನ್ನು ಇಳಿಸಿ, ಕುತ್ತಿಗೆ ಮುಟ್ಟಿ ನೋಡಿ, ಎರಡು ಗುಟುಕು ಕುಡಿಸಬೇಕು. ಮಗು ಮಾತು ನಿಲ್ಲಿಸಿ ತೂಕಡಿಸುತ್ತಿದ್ದರೆ "ಪಾಪ, ನಿದ್ದೆ ಬಂತು" ಎಂದುಕೊಂಡು ಮುಂದೆ ಹೋಗಬೇಡಿ.

ಬಿಸಿಲು ತಾಗದಿರಲಿ ಎಂದು ಮಗುವಿಗೆ ಟವೆಲ್ ಮುಚ್ಚಿ ಕೂರಿಸುವುದನ್ನೂ ಕಾಣುತ್ತೇವೆ. ಮುಚ್ಚಿದ ಬಟ್ಟೆಯೊಳಗೆ ಗಾಳಿ ಆಡದೆ ಇನ್ನಷ್ಟು ಬಿಸಿಯಾಗುತ್ತದೆ. ತೆಳು ಹತ್ತಿಯ ತುಂಬುತೋಳಿನ ಸಡಿಲ ಅಂಗಿ ಸಾಕು. ಹೆಲ್ಮೆಟ್ ಹಾಕಿದರೆ ಮಿದುಳು ಕಾಯುತ್ತದೆ ಎಂಬ ಹೆದರಿಕೆಯೂ ಬೇಡ. ಸೈಕಲ್ ಹೆಲ್ಮೆಟ್‌ನಲ್ಲಿ ಗಾಳಿಕಿಂಡಿಗಳಿರುವುದು ಅದಕ್ಕಾಗಿಯೇ. ಒಂದು ವರ್ಷ ತುಂಬದ ಕೂಸನ್ನಂತೂ ಸೈಕಲ್ ಮೇಲೆ ಒಯ್ಯಲೇಬಾರದು. ಕುತ್ತಿಗೆಗೆ ಹೆಲ್ಮೆಟ್ ಹೊರುವ, ಕುಲುಕಾಟ ತಡೆಯುವ ಬಲ ಇನ್ನೂ ಬಂದಿರುವುದಿಲ್ಲ.

ಏನು ಕುಡಿಸಬೇಕು? ಎರಡು ಮೂರು ಗಂಟೆಯ ಬೆಳಗಿನ ಪ್ರವಾಸಕ್ಕೆ ನೀರು ಮತ್ತು ಚಿಟಿಕೆ ಉಪ್ಪಿನ ಮಜ್ಜಿಗೆ ಧಾರಾಳ ಸಾಕು. ಬಣ್ಣದ ಟೆಟ್ರಾ ಪ್ಯಾಕ್‌ಗಳ ಮೇಲೆ "ಓಆರ್‌ಎಸ್" ಎಂದು ದೊಡ್ಡದಾಗಿ ಬರೆದು ಮಾರುತ್ತಿದ್ದ ಸಿಹಿ ಪಾನೀಯಗಳು ನೆನಪಿವೆಯೇ? ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದೆಂದು ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಸಕ್ಕರೆ ಹೆಚ್ಚಾದ ಪಾನೀಯ ಭೇದಿಯಾದ ಮಗುವಿನ ಕರುಳಿಗೆ ನೀರನ್ನು ಎಳೆದುಕೊಂಡು ಭೇದಿಯನ್ನೇ ಹೆಚ್ಚಿಸಬಹುದು. ನಿಜವಾದ ಓಆರ್‌ಎಸ್ ಎಂದರೆ ಮೆಡಿಕಲ್ ಶಾಪಿನಲ್ಲಿ ಸಿಗುವ, ಒಂದು ಲೀಟರ್ ನೀರಿಗೆ ಕಲಸುವ 20.5 ಗ್ರಾಂ ಪುಡಿ. ಅದಿಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ತೆಗೆದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ಕಡಿಮೆ. ದಾರಿಯಲ್ಲಿ ಸಿಕ್ಕರೆ ಕುಡಿಸಿ. ಓಆರ್‌ಎಸ್ ಬದಲಿಗೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಯಾರೂ ಫಾರ್ವರ್ಡ್ ಮಾಡದ ಅಪಾಯ: ಸೈಕಲ್ ಕಡ್ಡಿ

ಬಿಸಿಲಿನ ಬಗ್ಗೆ ನೂರು ಮೆಸೇಜ್ ಬರುತ್ತವೆ. ಚಕ್ರದ ಕಡ್ಡಿಗೆ ಸಿಕ್ಕ ಪಾದದ ಬಗ್ಗೆ ಒಂದೂ ಬರುವುದಿಲ್ಲ. ಆದರೆ ಮಕ್ಕಳ ಶಸ್ತ್ರಚಿಕಿತ್ಸಕರನ್ನು, ಮೂಳೆ ಡಾಕ್ಟರನ್ನು ಕೇಳಿ ನೋಡಿ. ಕ್ಯಾರಿಯರ್ ಮೇಲೆ ಕೂತ ಎರಡರಿಂದ ಎಂಟು ವರ್ಷದ ಮಕ್ಕಳ ಹಿಮ್ಮಡಿ, ಹರಡು ಹಿಂದಿನ ಚಕ್ರಕ್ಕೆ ಸಿಕ್ಕಿ ಜಜ್ಜುವುದು ಅವರಿಗೆ ತೀರಾ ಪರಿಚಿತ ಗಾಯ. ಮಗುವಿಗೆ ಕಾಲಿಡಲು ಜಾಗವಿರುವುದಿಲ್ಲ, ಕಾಲು ಜೋತಾಡುತ್ತದೆ, ತಿರುವಿನಲ್ಲಿ ಒಳಕ್ಕೆ ಹೋಗುತ್ತದೆ.

ಈ ಗಾಯ ಮೋಸ ಮಾಡುತ್ತದೆ. ಮೊದಲ ದಿನ ಚರ್ಮ ತರಚಿದ ಹಾಗೆ ಕಾಣುತ್ತದೆ. ಅರಿಸಿನವನ್ನೋ ಕಾಫಿಪುಡಿಯನ್ನೋ ಮೆತ್ತಿ ಬಿಡುತ್ತಾರೆ. ಆದರೆ ಕಡ್ಡಿ ಮತ್ತು ಫ್ರೇಮಿನ ನಡುವೆ ಸಿಕ್ಕಾಗ ಒಳಗಿನ ಮಾಂಸ ಜಜ್ಜಿ, ರಕ್ತನಾಳ ಹಾಳಾಗಿರುತ್ತದೆ. ಕೆಲವು ದಿನಗಳಲ್ಲಿ ಮೇಲಿನ ಚರ್ಮ ಕಪ್ಪಾಗಿ ಸತ್ತು ಕಳಚಬಹುದು, ಕೆಲವರಿಗೆ ಚರ್ಮ ಕಸಿಯೇ ಬೇಕಾಗುತ್ತದೆ. ಕಾಲು ಸಿಕ್ಕ ಕೂಡಲೇ ಸೈಕಲ್ ನಿಲ್ಲಿಸಿ. ಎಳೆದು ಬಿಡಿಸಬೇಡಿ, ಚಕ್ರವನ್ನು ಹಿಂದಕ್ಕೆ ತಿರುಗಿಸಿ ಅಥವಾ ಕಡ್ಡಿ ಕತ್ತರಿಸಿ ಬಿಡಿಸಿ. ಶುದ್ಧ ನೀರು ಸುರಿದು ತೊಳೆದು, ಒಣ ಶುಚಿ ಬಟ್ಟೆ ಸುತ್ತಿ, ಚಿಕ್ಕದಾಗಿ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂಳೆ ಬಿರುಕು ಬಿಟ್ಟಿದೆಯೇ ನೋಡಬೇಕು, ಟಿಟಿ ಇಂಜೆಕ್ಷನ್ ಬೇಕೇ ಎಂದು ಕೇಳಬೇಕು.

ಸೈಕಲ್ ಶಾಪಿನಲ್ಲಿ ಬೆನ್ನಿಗೆ ಆಸರೆ, ಬೆಲ್ಟು, ಕಾಲಿಡುವ ಜಾಗ ಇರುವ ಮಕ್ಕಳ ಸೀಟು ಸಿಗುತ್ತದೆ. ಅದಾಗದಿದ್ದರೆ ಹಿಂದಿನ ಚಕ್ರದ ಎರಡೂ ಬದಿಗೆ ಜಾಲರಿ ಕಟ್ಟಿಸಿ, ಮಗುವಿಗೆ ಹಿಮ್ಮಡಿ ಮುಚ್ಚುವ ಶೂ ಹಾಕಿ. ಅಮ್ಮ ಹಿಂದೆ ಕೂರುವುದಾದರೆ ಸೆರಗು, ವೇಲ್ ಚಕ್ರಕ್ಕೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಇಷ್ಟು ಮಾಡಿದರೆ ಈರುಳ್ಳಿ ಇಟ್ಟುಕೊಳ್ಳುವುದಕ್ಕಿಂತ ಸಾವಿರ ಪಾಲು ಲಾಭ.

ರಬ್ಬರ್ ಟೈರು ಸಿಡಿಲನ್ನು ತಡೆಯುತ್ತದೆಯೇ?

ಸಂಜೆ ಪ್ರವಾಸ ಬೇಡ ಎಂದಿದ್ದು ಇದಕ್ಕೆ. ಏಪ್ರಿಲ್, ಮೇ ತಿಂಗಳ ಅಶ್ವಿನಿ, ಭರಣಿ ಮಳೆಗಳು ಹೆಚ್ಚಾಗಿ ಮಧ್ಯಾಹ್ನದ ನಂತರ, ಗುಡುಗು ಸಿಡಿಲಿನೊಂದಿಗೆ ಬರುತ್ತವೆ. ಕಾದ ನೆಲದಿಂದ ಏರಿದ ತೇವದ ಗಾಳಿ ಸಂಜೆ ಹೊತ್ತಿಗೆ ಎತ್ತರದ ಮೋಡವಾಗಿ ನಿಂತಿರುತ್ತದೆ. ಸೈಕಲ್ಲಿಗೆ ರಬ್ಬರ್ ಟೈರು ಇರುವುದರಿಂದ ಸಿಡಿಲು ಹೊಡೆಯುವುದಿಲ್ಲ ಎಂದು ನಂಬಿದವರಿದ್ದಾರೆ. ಕಿಲೋಮೀಟರ್‌ಗಟ್ಟಲೆ ಗಾಳಿಯನ್ನೇ ಸೀಳಿಕೊಂಡು ಬಂದ ಸಿಡಿಲಿಗೆ ಒಂದಿಂಚಿನ ರಬ್ಬರ್ ಯಾವ ಲೆಕ್ಕ? ಕಾರಿನೊಳಗೆ ಕೂತವರು ಉಳಿಯುವುದು ಟೈರಿನಿಂದಲ್ಲ, ಸುತ್ತಲಿನ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುವುದರಿಂದ. ಸೈಕಲ್ಲಿಗೆ ಅಂಥ ಮೈಯಿಲ್ಲ.

ಗುಡುಗು ಕೇಳಿಸಿತು ಎಂದರೆ ನೀವು ಆಗಲೇ ಸಿಡಿಲಿನ ವ್ಯಾಪ್ತಿಯಲ್ಲಿದ್ದೀರಿ. ಒಂಟಿ ಮರದ ಕೆಳಗೆ, ಕೆರೆ ಏರಿಯ ಮೇಲೆ, ನೀರಿನ ಅಂಚಿನಲ್ಲಿ ನಿಲ್ಲಬೇಡಿ. ಗೋಡೆ, ಚಾವಣಿ ಇರುವ ಕಟ್ಟಡ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ "ದಾಮಿನಿ" ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಮೊಬೈಲಿನಲ್ಲಿ ಜಾಗ ತುಂಬಿದ್ದರೆ ನಾಲ್ಕು ಗುಡ್ ಮಾರ್ನಿಂಗ್ ಚಿತ್ರ ಅಳಿಸಿ ಅದನ್ನು ಹಾಕಿಕೊಳ್ಳಿ.

ನೀರಿನ ಹತ್ತಿರ: ಉಪ್ಪಿನ ಫಾರ್ವರ್ಡ್

ಈಗ ಎಲ್ಲಕ್ಕಿಂತ ಭಾರವಾದ ವಿಷಯ. ಜಲಾಶಯಕ್ಕೆ ಹೋದ ಮೇಲೆ ಮಕ್ಕಳು ನೀರಿಗೆ ಇಳಿಯಲು ಹಟ ಮಾಡುತ್ತಾರೆ. ಬೇಸಿಗೆಯಲ್ಲಿ ಯಾವುದೇ ಜಲಾಶಯದ ನೀರು ಹಿಂದೆ ಸರಿದಾಗ ಅಂಚಿನಲ್ಲಿ ಹೂಳು ಉಳಿಯುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟ ನೆಲದಂತೆ ಕಾಣುತ್ತದೆ, ಒಳಗೆ ಮೊಣಕಾಲಿನವರೆಗೆ ಹೂತುಕೊಳ್ಳುವ ಕೆಸರು. ನೀರೊಳಗಿನ ಹಳ್ಳ ದಿಣ್ಣೆ ಮೇಲಿನಿಂದ ಗೊತ್ತಾಗುವುದಿಲ್ಲ. ಎರಡು ಹೆಜ್ಜೆಗೆ ಮಂಡಿಯುದ್ದ ಇದ್ದದ್ದು ಮೂರನೇ ಹೆಜ್ಜೆಗೆ ಆಳುದ್ದ ಆಗಬಹುದು.

ಮುಳುಗುವವರು ಕೈ ಬೀಸಿ ಕೂಗುತ್ತಾರೆ ಎಂದು ಸಿನಿಮಾ ನಮಗೆ ಕಲಿಸಿದೆ. ನಿಜದಲ್ಲಿ ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದಷ್ಟು ಕ್ಷಣ ಉಸಿರೆಳೆಯಲೇ ಸಾಲದು, ಕೂಗುವುದೆಲ್ಲಿ? ಸದ್ದಿಲ್ಲದೆ, ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮಗು ನೀರಿನ ಹತ್ತಿರ ಇರುವಷ್ಟು ಹೊತ್ತು ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲಿರಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಇಷ್ಟಾದರೂ ಅನಾಹುತವಾದರೆ? ಇಲ್ಲೇ ಆ ಫಾರ್ವರ್ಡ್ ಬರುತ್ತದೆ. "ನೀರಿನಲ್ಲಿ ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಮೂರ್ನಾಲ್ಕು ಗಂಟೆಯಲ್ಲಿ ಉಪ್ಪು ನೀರನ್ನೆಲ್ಲ ಹೀರಿಕೊಂಡು ಜೀವ ಬರುತ್ತದೆ." ಇದನ್ನು ನಂಬಿದ್ದು ಎಲ್ಲೋ ದೂರದವರಲ್ಲ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರ ಡಿಸೆಂಬರ್‌ನಲ್ಲಿ ಶಿಕಾರಿಪುರಕ್ಕೆ ಪಕ್ಕದ ಹಾವೇರಿ ಜಿಲ್ಲೆಯಲ್ಲಿ, ನೀರಿನಲ್ಲಿ ಮುಳುಗಿದ ಬಾಲಕರ ದೇಹವನ್ನು ಮನೆಯವರು ಉಪ್ಪಿನ ರಾಶಿಯಲ್ಲಿಟ್ಟು ಗಂಟೆಗಟ್ಟಲೆ ಕಾದರು. ಮಕ್ಕಳು ಏಳಲಿಲ್ಲ. ಆ ತಂದೆತಾಯಿಯನ್ನು ನಕ್ಕು ಮಾತಾಡುವವರನ್ನು ಕಂಡಾಗ ಬೇಸರವಾಗುತ್ತದೆ. ಮಗುವಿನ ದೇಹ ಎದುರಿಗಿರುವಾಗ ಯಾರು ಏನು ಹೇಳಿದರೂ ಮನಸ್ಸು ನಂಬುತ್ತದೆ. ತಪ್ಪು ಆ ಮೆಸೇಜನ್ನು "ಯಾರಿಗಾದರೂ ಉಪಯೋಗವಾಗಲಿ" ಎಂದು ಮುಂದೆ ತಳ್ಳಿದವರದ್ದು.

ಉಪ್ಪು ಯಾಕೆ ಕೆಲಸ ಮಾಡುವುದಿಲ್ಲ? ಮಾವಿನಕಾಯಿಗೆ ಉಪ್ಪು ಹಾಕಿದರೆ ನೀರು ಬಿಡುತ್ತದೆ, ನಿಜ. ಆದರೆ ಮನುಷ್ಯನ ಚರ್ಮ ಹೋಳು ಮಾಡಿದ ಮಾವಿನಕಾಯಿಯಲ್ಲ. ಅದು ನೀರನ್ನು ಸುಲಭಕ್ಕೆ ದಾಟಿಸುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಮುಳುಗಿದವರು ಸಾಯುವುದು ಮೈಯೊಳಗೆ ನೀರು ತುಂಬಿದ್ದರಿಂದಲ್ಲ, ಮಿದುಳಿಗೆ ಆಮ್ಲಜನಕ ಸಿಗದಿದ್ದರಿಂದ. ಶ್ವಾಸಕೋಶಕ್ಕೆ ಹೋಗುವ ನೀರು ಅನೇಕ ಸಲ ತೀರಾ ಸ್ವಲ್ಪವೇ. ಉಸಿರು ನಿಂತ ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ. ಆದ್ದರಿಂದ "ನೀರು ಹೊರಗೆ ತೆಗೆಯುವ" ಪ್ರಯತ್ನಗಳೆಲ್ಲ ಕಾಲಹರಣ. ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಅಮುಕುವುದೂ ಅಷ್ಟೇ. ಹೊಟ್ಟೆ ಅಮುಕಿದರೆ ಒಳಗಿನದ್ದು ಬಾಯಿಗೆ ಬಂದು ಶ್ವಾಸನಾಳಕ್ಕೆ ಇಳಿಯುವ ಅಪಾಯ ಬೇರೆ.

ಮಾಡಬೇಕಾದದ್ದು ಹೀಗೆ. ಈಜು ಬಾರದವರು ನೀರಿಗೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಮೂವರು ಹೋದ ಸುದ್ದಿಗಳನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಹಗ್ಗ, ವೇಲ್, ಉದ್ದನೆಯ ಕೋಲು ಚಾಚಿ ಎಳೆಯಿರಿ. ದಡಕ್ಕೆ ತಂದ ಮಗು ಕರೆದರೆ ಓಗೊಡುತ್ತಿಲ್ಲ, ಉಸಿರಾಡುತ್ತಿಲ್ಲ ಎಂದಾದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಆ ಕ್ಷಣವೇ ಶುರುಮಾಡಲಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಷ್ಟು ಉಸಿರು ಊದಿ. ಹೀಗೆ 5 ಬಾರಿ. ಆಮೇಲೆ ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡವಿಟ್ಟು, ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ. ಮತ್ತೆ 2 ಉಸಿರು, ಮತ್ತೆ 30. ಬಾಯಿಯಿಂದ ನೀರು, ನೊರೆ ಬಂದರೂ ನಿಲ್ಲಿಸಬೇಡಿ. ಹೃದಯಾಘಾತಕ್ಕೆ ಎದೆ ಒತ್ತಿದರೆ ಸಾಕು ಎಂಬ ಮಾತು ನೀವು ಕೇಳಿರಬಹುದು. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು. ಮಗು ಎಚ್ಚರಗೊಂಡು ಅತ್ತರೂ, ಆರೋಗ್ಯವಾಗಿಯೇ ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳಬಹುದು.

ಯಾವುದನ್ನಾದರೂ ಫಾರ್ವರ್ಡ್ ಮಾಡಲೇಬೇಕೆನಿಸಿದರೆ ಮೇಲಿನ ಈ ಒಂದು ಪ್ಯಾರಾ ಮಾಡಿ.

ನೀರೇ ಬೇಡ ಎನ್ನುವವರಿಗೆ

ತೀರಾ ಚಿಕ್ಕ ಮಕ್ಕಳಿದ್ದರೆ, ನೋಡಿಕೊಳ್ಳಲು ದೊಡ್ಡವರು ಒಬ್ಬರೇ ಇದ್ದರೆ, ನೀರಿಲ್ಲದ ದಾರಿಯೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ. ಶಿರಾಳಕೊಪ್ಪದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ನೆಂಟರ ಮನೆಯ ಸೈಕಲ್ ತೆಗೆದುಕೊಂಡರೆ ಬಳ್ಳಿಗಾವಿ ಸುಮಾರು 2 ಕಿ.ಮೀ. ಕೇದಾರೇಶ್ವರ ದೇವಸ್ಥಾನದ ಹುಲ್ಲುಹಾಸಿನಲ್ಲಿ ಮಕ್ಕಳು ಓಡಾಡಬಹುದು. ಅಲ್ಲಿಂದ ಹೆಚ್ಚು ದೂರವಿಲ್ಲದ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಎದುರು ಕದಂಬರ ಕಥೆ ಹೇಳುವ ಕಂಬದ ಶಾಸನವಿದೆ. 2013ರ ಉತ್ಖನನದಲ್ಲಿ ಅಲ್ಲೇ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದ್ದೆಂದು ಗುರುತಿಸಿದೆ. ಅಂದರೆ ಅದು ಹಲ್ಮಿಡಿ ಶಾಸನಕ್ಕಿಂತಲೂ ಹಳೆಯದು. ಹೈಸ್ಕೂಲ್ ಮಗಳಿಗೆ ಪಠ್ಯಪುಸ್ತಕದ ಹೊರಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಒಂದೇ ಒಂದು ತೊಂದರೆ. ಚಪ್ಪಲಿ ಹೊರಗೆ ಬಿಟ್ಟು ನಡೆಯಬೇಕಾದ ದೇವಸ್ಥಾನದ ಅಂಗಳದ ಕಲ್ಲು ಏಪ್ರಿಲ್ ಬಿಸಿಲಿಗೆ ಹನ್ನೊಂದು ಗಂಟೆಗೆಲ್ಲ ಕಾದ ಹೆಂಚಿನಂತಾಗಿರುತ್ತದೆ. ದೊಡ್ಡವರ ಗಟ್ಟಿ ಹಿಮ್ಮಡಿಗೆ ತಡೆಯಬಹುದಾದದ್ದು ಮಕ್ಕಳ ತೆಳು ಪಾದದಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ.